ಗೋಡಾಕ್ಟ್ರ ಹೊಸ ಹ್ಯಾಂಡಲ್

ಅವರು ಕಣ್ಣು ಮುಚ್ಚಿದರೆಂದರೆ ಕೆಲಸ ಶುರುವಾಯಿತು ಎಂದೇ ಅರ್ಥ. ಕರು ಹಾಕಲಾರದೆ ಒದ್ದಾಡುವ ದನದೊಳಗೆ ತೋಳಿನವರೆಗೆ ಕೈ ಇಳಿಸಿ, ಕೆನ್ನೆಯನ್ನು ಅದರ ತೊಡೆಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುವರು. ಮೊದಲ ಸಲ ನೋಡಿದವರಿಗೆ ಈ ಮನುಷ್ಯ ನಿಂತಲ್ಲೇ ನಿದ್ದೆ ಹೋದರೇನೋ ಎಂಬ ಅನುಮಾನ ಬರುತ್ತಿತ್ತು. ಒಬ್ಬರು ಕೇಳಿಯೂ ಬಿಟ್ಟಿದ್ದರು. "ಒಳಗೆ ಕಣ್ಣಿಗೆ ಏನು ಕೆಲಸ ಉಂಟು? ಕೆಲಸ ಇಲ್ಲದವರನ್ನು ಹೊರಗೆ ಕೂರಿಸಬೇಕು. ನಿಮ್ಮನ್ನೂ ಸೇರಿಸಿ" ಎಂದು ಉತ್ತರ ಬಂತು. ಕೇಳಿದವರು ದನದ ಹಟ್ಟಿಯಿಂದ ಹೊರಗೆ ಹೋಗಿ ನಿಂತರು.

ಬೆಳ್ತಂಗಡಿಯ ಜಾನುವಾರು ಆಸ್ಪತ್ರೆಯ ಡಾಕ್ಟರು ಅವರು. ನಮ್ಮ ಕಡೆ ಇಂಥವರಿಗೆ ಗೋಡಾಕ್ಟ್ರು ಎನ್ನುವುದು ರೂಢಿ. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೆ ಅವರೇನೂ ಬೇಸರಿಸುವವರಲ್ಲ, ಯಾಕೆಂದರೆ ನಮ್ಮ ಹೆಸರುಗಳು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ. ದನದ ಹೆಸರು ಹೇಳಿದರೆ ಮಾತ್ರ ಮನೆಯ ಗುರುತು ಹತ್ತುತ್ತಿತ್ತು. ನಮ್ಮ ದನದ ಹೆಸರು ಬೊಳ್ಳಿ. ಹಾಗಾಗಿ ನಾನು ಅವರ ಪಾಲಿಗೆ ಬೊಳ್ಳಿ ಮನೆಯ ಹುಡುಗ, ಮದುವೆಯಾಗಿ ಮಕ್ಕಳಾದ ಮೇಲೂ ಹುಡುಗನೇ. ಗುರುವಾಯನಕೆರೆಯಿಂದ ಬಂಟ್ವಾಳದ ದಿಕ್ಕಿಗೆ ಸ್ವಲ್ಪ ಈಚೆ, ರಸ್ತೆ ಬದಿಯಲ್ಲಿ ಒಂದು ಬಸ್ಸು ಕಂಪೆನಿಯ ಗ್ಯಾರೇಜಿತ್ತು. ನಾನು ಅಲ್ಲಿ ಫಿಟ್ಟರ್. ಗ್ಯಾರೇಜಿನ ಹಿಂದೆಯೇ ನಮ್ಮ ಮನೆ.

ಕುಳ್ಳು ಮನುಷ್ಯ, ಖಾಕಿ ಅರ್ಧ ಚಡ್ಡಿ, ತೋಳು ಮಡಚಿದ ಅಂಗಿ. ಮೈಗೆ ಸದಾ ಫಿನಾಯಿಲಿನ ವಾಸನೆ. ಮದ್ರಾಸಿನಲ್ಲಿ ಕಲಿತು ಬಂದವರು, ಆದರೆ ಮಳೆಗಾಲದಲ್ಲಿ ತಲೆಗೆ ನಮ್ಮ ಆಳುಗಳು ಇಡುವ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಯೇ. ಗಾಳಿಗೆ ಹಾರದಂತೆ ಅದನ್ನು ಗಲ್ಲದ ಕೆಳಗೆ ಹುರಿಯಿಂದ ಕಟ್ಟಿಕೊಂಡು ಮೋಟಾರ್ ಸೈಕಲ್ ಏರಿ ಬಂದರೆ ಶಾಲೆಯ ಮಕ್ಕಳು ಬೇಲಿಯವರೆಗೆ ಓಡಿ ಬರುತ್ತಿದ್ದರು. ಮನುಷ್ಯರ ಜೊತೆ ಅವರದು ಬಿರುಸಿನ ಮಾತು. "ನಿಮಗೆ ಜ್ವರ ಬಂದ್ರೆ ಇಷ್ಟು ದಿವಸ ಸುಮ್ಮನೆ ಕೂರ್ತೀರಾ? ದನಕ್ಕೆ ಬಾಯಿ ಇಲ್ಲ ಅಂತ ನಿಮಗೆ ಕಣ್ಣೂ ಇಲ್ವಾ?" ಎಂದು ಅಂಗಳಕ್ಕೆ ಕಾಲಿಡುವ ಮೊದಲೇ ಬೈಯಲು ಸುರು. ಹಟ್ಟಿಯ ಒಳಗೆ ಹೋದ ಕೂಡಲೇ ಸ್ವರ ತಗ್ಗುತ್ತಿತ್ತು. ದನದ ಕಿವಿಯ ಹತ್ತಿರ ಅದೇನೋ ಗುಣುಗುಣು. ನಮಗೆ ಆ ಮರ್ಯಾದೆಯ ಕಾಲು ಪಾಲೂ ಸಿಕ್ಕಿದ್ದಿಲ್ಲ ಎಂದು ನನ್ನ ಅಮ್ಮ ನಗುತ್ತಿದ್ದರು.

ಅವರ ಗಾಡಿಯ ಬಗ್ಗೆ ಹೇಳದೆ ಅವರ ಬಗ್ಗೆ ಹೇಳಲು ನನ್ನಿಂದಾಗದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಏಲಂ ಹಾಕಿದ ಒಂಟಿ ಸಿಲಿಂಡರಿನ ಇಂಗ್ಲಿಷ್ ಗಾಡಿ ಅದು. ಭಾರ ಎಂದರೆ ಭಾರ. ಉದ್ದ ಪ್ರಯಾಣಕ್ಕೆಂದೇ ಮಾಡಿದ್ದು. ತಗ್ಗಾದ, ಮುಂದಕ್ಕೆ ಚಾಚಿದ ಹ್ಯಾಂಡಲ್, ಹಿಂದೆ ಕ್ಯಾರಿಯರು, ಅದರ ಮೇಲೆ ಮದ್ದಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕರು ಎಳೆಯುವ ಹಗ್ಗದ ಸುರುಳಿ. ಅದರ ಸದ್ದು ಗುಡ್ಡದಾಚೆ ಇರುವಾಗಲೇ ಕೇಳುತ್ತಿತ್ತು. ಬುಧವಾರ ವೇಣೂರಿನ ದಾರಿಯಾಗಿ ಮೂಡುಬಿದಿರೆಯ ಗಡಿಯವರೆಗೆ, ಶುಕ್ರವಾರ ನಾರಾವಿಯ ಕಡೆಗೆ, ಹೀಗೆ ವಾರದ ಒಂದೊಂದು ದಿನ ಒಂದೊಂದು ದಿಕ್ಕಿಗೆ ಅವರ ಟೂರು.

ಈ ಟೂರಿಗೆ ಊರವರೇ ಮಾಡಿಕೊಂಡ ಒಂದು ಕ್ರಮ ಇತ್ತು. ಹಟ್ಟಿಯಲ್ಲಿ ಯಾವುದಾದರೂ ಜೀವಕ್ಕೆ ಹುಷಾರಿಲ್ಲದಿದ್ದರೆ ಆ ಮನೆಯವರು ತಮ್ಮ ಕಾಲುದಾರಿ ರಸ್ತೆಗೆ ಸೇರುವಲ್ಲಿ, ಬೇಲಿ ದಾಟುವ ತಡಮೆಯ ಕಂಬಕ್ಕೆ, ಒಂದು ಹಸಿ ತೆಂಗಿನ ಗರಿ ಕಟ್ಟಿಡುತ್ತಿದ್ದರು. ಗರಿ ಕಂಡಲ್ಲಿ ಡಾಕ್ಟ್ರು ಗಾಡಿ ನಿಲ್ಲಿಸಿ, ಪೆಟ್ಟಿಗೆ ಹೆಗಲಿಗೇರಿಸಿ ನಡೆಯುತ್ತಿದ್ದರು. ಕರೆಯಲು ಬೆಳ್ತಂಗಡಿಯವರೆಗೆ ಬರುವ ಕೆಲಸವಿಲ್ಲ. ಒಮ್ಮೆ ಒಂದು ದೊಡ್ಡ ಗುತ್ತಿನ ಮನೆಯ ಜಮೀನ್ದಾರರು ಕಂಬಳದ ಕೋಣದ ಕಾಲು ಉಳುಕಿತೆಂದು ಕಾರನ್ನೇ ಕಳಿಸಿದರು. ಡಾಕ್ಟ್ರು ಡ್ರೈವರನಿಗೆ, "ನೀನು ಮುಂದೆ ಹೋಗು. ನಾನು ಹಿಂದಿನಿಂದ ಬರ್ತೇನೆ. ನಿಮ್ಮ ಕಾರಿಗೆ ಗರಿ ಕಾಣುವುದಿಲ್ಲ" ಎಂದರು. ಕಾರು ಖಾಲಿ ಹೋಯಿತು. ಡಾಕ್ಟ್ರು ದಾರಿಯ ಗರಿಗಳನ್ನೆಲ್ಲ ಮುಗಿಸಿಕೊಂಡು ಗುತ್ತಿನ ಮನೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಕೋಣ ಮಾತ್ರ ಕಾಯುತ್ತಾ ನಿಂತಿತ್ತಂತೆ, ಸಿಟ್ಟಿಲ್ಲದೆ.

ಡಾಕ್ಟ್ರ ಆ ಕೈ ಮುರಿದದ್ದು ನಮ್ಮ ಹಟ್ಟಿಯಲ್ಲಿ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು ಇರಬೇಕು. ಬೊಳ್ಳಿಗೆ ಬೆಳಗ್ಗಿನಿಂದ ನೋವು, ಕರು ಬಾರದು. ಡಾಕ್ಟ್ರು ಕೈ ಹಾಕಿ ನೋಡಿ, "ತಲೆ ಹಿಂದಕ್ಕೆ ತಿರುಗಿದೆ" ಎಂದವರೇ ಕಣ್ಣು ಮುಚ್ಚಿದರು. ಅಮ್ಮ ದನದ ತಲೆಯ ಕಡೆ, ನಾನು ಬಾಲದ ಕಡೆ. ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದೆವು. ಇದ್ದಕ್ಕಿದ್ದಂತೆ ಬೊಳ್ಳಿಯ ಕಾಲುಗಳು ಕುಸಿದವು. ಅವರ ಬಲಗೈ ಒಳಗಿದ್ದಂತೆಯೇ ಅಷ್ಟೂ ಭಾರ ಹಟ್ಟಿಯ ಮರದ ಕಂಬಕ್ಕೆ ಒರಗಿ ಕೆಳಗೆ ಜಾರಿತು. ಒಣ ಸೌದೆ ಮುರಿದ ಹಾಗೆ ಒಂದು ಸದ್ದು ಬಂತು. ಅದು ಏನೆಂದು ನನಗೂ ಅಮ್ಮನಿಗೂ ಒಟ್ಟಿಗೇ ಗೊತ್ತಾಯಿತು.

ಅವರು ಕಿರುಚಲಿಲ್ಲ. ದನದ ಜೊತೆಗೇ ನೆಲಕ್ಕೆ ಬಿದ್ದಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ಮಾತ್ರ ಮುಚ್ಚಿಯೇ ಇತ್ತು. ನಾನು ಅವರನ್ನು ಹಿಡಿದೆಳೆಯಲು ಹೋದೆ. "ಮುಟ್ಟಬೇಡ. ಮೂಗು ಸಿಕ್ಕಿದೆ" ಎಂದರು. ಮತ್ತೆ ಸಣ್ಣ ಸ್ವರದಲ್ಲಿ, "ಅಮ್ಮಾ, ನೀವು ದನದ ತಲೆ ಬಿಡಬೇಡಿ. ಅದು ಹೆದರಿದೆ" ಎಂದರು. ಮುರಿದ ಕೈಯ ಬೆರಳುಗಳಲ್ಲೇ ಕರುವಿನ ಮೂತಿಯನ್ನು ತಿರುಗಿಸಿ ದಾರಿಗೆ ತಂದರು. ಹಗ್ಗ ಎಳೆದದ್ದು ನಾನು. ಹೆಣ್ಣು ಕರು, ಜೀವ ಇತ್ತು. ಆಮೇಲೆ ಡಾಕ್ಟ್ರು ಗೋಡೆಗೊರಗಿ ಕೂತು ಕಣ್ಣು ತೆರೆದು, ಬೇರೆ ಯಾರದೋ ಕೈ ಎಂಬಂತೆ ತಮ್ಮ ಕೈಯನ್ನು ನೋಡಿದರು. ನನ್ನ ಆಯುಷ್ಯದಲ್ಲಿ ಅಂಥ ಧೈರ್ಯವನ್ನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ನಮ್ಮದೇ ಕಂಪೆನಿಯ ಬಸ್ಸಿನಲ್ಲಿ ಮಂಗಳೂರಿಗೆ ಕರೆದೊಯ್ದೆವು. ಪ್ಲಾಸ್ಟರ್ ಬಿಚ್ಚಿದಾಗ ಮೊಣಕೈಯ ಗಂಟು ಮಡಚಿದಂತೆಯೇ ಕೂಡಿಕೊಂಡಿತ್ತು. ಅಂಗಿಯ ಕಿಸೆಯಿಂದ ಏನೋ ತೆಗೆಯಲು ಹೊರಟವರ ಹಾಗೆ ಕೈ ಸದಾ ಮಡಚಿಯೇ ಇರುತ್ತಿತ್ತು. ಮುಂಗೈ, ಬೆರಳು ಎಲ್ಲ ಸರಿ ಇವೆ, ಚಾಚಲು ಮಾತ್ರ ಬಾರದು. ಹಟ್ಟಿಯ ಕೆಲಸಕ್ಕೆ ಎಡಗೈಯನ್ನು ಪಳಗಿಸಿಕೊಂಡರು. ಆದರೆ ಗಾಡಿಯ ಹ್ಯಾಂಡಲಿನ ಬಲತುದಿ ಆ ಕೈಗೆ ಎಟಕುತ್ತಿರಲಿಲ್ಲ. ಬಗ್ಗಿದರೆ ಎದೆ ಪೆಟ್ರೋಲ್ ಟಾಂಕಿಗೆ ತಾಗುತ್ತಿತ್ತು. ಗಾಡಿ ಆಸ್ಪತ್ರೆಯ ಹಿಂದೆ ಗೋಣಿ ಹೊದ್ದು ನಿಂತಿತು.

ಅಮ್ಮನಿಗೆ ಅಂದಿನಿಂದ ಮನಸ್ಸಿನ ನೆಮ್ಮದಿಯೇ ಹೋಯಿತು. ಡಾಕ್ಟ್ರು ಎದುರು ಸಿಕ್ಕಿದರೆ ಅವರ ಮುಖ ನೋಡುತ್ತಿರಲಿಲ್ಲ, ಆ ಕೈಯನ್ನೇ ನೋಡುತ್ತಿದ್ದರು. ಬೊಳ್ಳಿಯ ಹಾಲಿನ ಮೊಸರು ಪ್ರತಿ ವಾರ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಗುತ್ತಿತ್ತು. "ನಮ್ಮ ಹಟ್ಟಿಗೆ ಬಂದು ಹೀಗಾಯ್ತಲ್ಲ" ಎಂಬ ಒಂದೇ ಮಾತು. ದನ ಬಿದ್ದದ್ದಕ್ಕೆ ನೀವೇನು ಮಾಡುತ್ತೀರಿ ಎಂದು ನಾನು ಎಷ್ಟು ಹೇಳಿದರೂ ಅದು ಅವರ ತಲೆಗೆ ಹೋಗಲಿಲ್ಲ.

ಡಾಕ್ಟ್ರು ಬಸ್ಸಿನಲ್ಲಿ ಟೂರು ಹೊರಟರು. ಕಿಟಕಿಯ ಬದಿಗೆ ಕೂತು ನೋಡುತ್ತಿದ್ದರಂತೆ. ಗರಿ ಕಟ್ಟಿದ ತಡಮೆ ಬರುತ್ತದೆ, ಹೋಗುತ್ತದೆ. ಬಸ್ಸು ನಿಲ್ಲುವುದು ಅದರ ನಿಲ್ದಾಣದಲ್ಲಿ. ಮೊದಮೊದಲು ಕಂಡಕ್ಟರನಿಗೆ ಹೇಳಿ ನಿಲ್ಲಿಸಿ ಇಳಿದರು. ಇಳಿದ ಮೇಲೆ ಮುಂದಿನ ಬಸ್ಸು ಸಂಜೆಗೆ. ದಿನಕ್ಕೆ ಒಂದು ಮನೆ ಮುಗಿದರೆ ಪುಣ್ಯ. ಆಮೇಲೆ ಆಚೆ ಬದಿಯ ಸೀಟಿಗೆ ಬದಲಾಯಿಸಿಕೊಂಡರು. ಆ ಬದಿಯಲ್ಲೂ ಮನೆಗಳಿದ್ದವಲ್ಲ. ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತು ಮುಖಕ್ಕೆ ಪೇಪರು ಹಿಡಿಯುತ್ತಿದ್ದರು ಎಂದು ಕಂಡಕ್ಟರ್ ನನಗೆ ಹೇಳಿದ. "ಪೇಪರು ಓದುವುದಿಲ್ಲ ಮಾರಾಯ, ತಲೆಕೆಳಗೆ ಹಿಡಿದಿದ್ರು" ಎಂದ.

ಅಷ್ಟರಲ್ಲಿ ಮಂಗಳೂರಿನ ಅವರ ಮೇಲಧಿಕಾರಿಗಳು ಒಂದು ತೀರ್ಮಾನಕ್ಕೆ ಬಂದಿದ್ದರು. ಕೈ ಊನವಾದವರನ್ನು ಊರೂರು ಅಲೆಸುವುದು ಬೇಡ, ಆಫೀಸಿನಲ್ಲಿ ಕುರ್ಚಿ ಕೊಡುವ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನಾವು ಅವರನ್ನು ದೂರುವಂತಿಲ್ಲ. ಆದರೆ ಈ ಸುದ್ದಿ ಬಂದ ಮರುದಿನ ಡಾಕ್ಟ್ರು ನನ್ನ ಗ್ಯಾರೇಜಿಗೆ ಬಂದರು.

"ನಿನ್ನ ಹತ್ತಿರ ಒಂದು ಕೆಲಸ ಉಂಟು ಮಾರಾಯ."

"ಹೇಳಿ ಡಾಕ್ಟ್ರೇ."

"ನನ್ನ ಕೈ ಹ್ಯಾಂಡಲಿನ ತನಕ ಹೋಗುವುದಿಲ್ಲ. ಹ್ಯಾಂಡಲನ್ನು ಕೈಯ ತನಕ ತರ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಆಗ ಗೊತ್ತಿರಲಿಲ್ಲ. ಆ ಮುಖ ನೋಡಿ ಬೇರೆ ಏನೂ ಹೇಳುವ ಹಾಗಿರಲಿಲ್ಲ.

ಗಾಡಿಯನ್ನು ಗ್ಯಾರೇಜಿಗೆ ತಂದು ಸ್ಟ್ಯಾಂಡ್ ಹಾಕಿ, ಹಳೆಯ ಹ್ಯಾಂಡಲ್ ಕಳಚಿದೆ. ನಾನು ಅಳತೆಯ ಟೇಪು ಹುಡುಕುತ್ತಿದ್ದರೆ ಅವರು ಬೋಳು ಗಾಡಿಯ ಮೇಲೆ ಹತ್ತಿ ಕೂತು, ಬೆನ್ನು ಸಡಿಲ ಬಿಟ್ಟು, ಕಣ್ಣು ಮುಚ್ಚಿದರು. ಎರಡೂ ಕೈಗಳನ್ನು ತಮ್ಮಷ್ಟಕ್ಕೇ ಬರಲು ಬಿಟ್ಟರು. ಬಲಗೈ ತನ್ನ ಮಡಿಕೆಯಲ್ಲೇ ಹೊಟ್ಟೆಯಿಂದ ಸ್ವಲ್ಪ ಮುಂದೆ ನಿಂತಿತು. ಎಡಗೈ ಅದನ್ನು ನೋಡಿದಂತೆ ತಾನೂ ಅಷ್ಟೇ ಮಡಚಿ ನಿಂತಿತು. ಗಾಳಿಯಲ್ಲಿ ಇಲ್ಲದ ಹ್ಯಾಂಡಲನ್ನು ಹಿಡಿದು, "ಇದು ಜಾಗ. ಬರೆದುಕೋ" ಎಂದರು. ನಾನು ಒಂದು ಕಬ್ಬಿಣದ ಸರಿಗೆಯನ್ನು ಆ ಮುಷ್ಟಿಯಿಂದ ಈ ಮುಷ್ಟಿಗೆ ಬಗ್ಗಿಸಿ ಮಾದರಿ ಮಾಡಿದೆ. ಆಮೇಲೆ ಗ್ಯಾರೇಜಿನಲ್ಲಿ ಎಷ್ಟೋ ಗಾಡಿ ಜೋಡಿಸಿದ್ದೇನೆ, ಸವಾರನ ಅಳತೆಯನ್ನು ಹೀಗೆಯೇ ತೆಗೆದಿದ್ದೇನೆ. ಇದಕ್ಕಿಂತ ಸರಿಯಾದ ಕ್ರಮ ನನಗೆ ಸಿಕ್ಕಿಲ್ಲ.

ಬೊಂಬಾಯಿಯಲ್ಲಿ ಬಗೆಬಗೆಯ ಹ್ಯಾಂಡಲ್ ಮಾರುವ ಅಂಗಡಿಗಳಿದ್ದವು. ಬಸ್ಸಿನ ಸಾಮಾನು ತರಲು ಹೋಗುವ ನಮ್ಮ ಕಂಪೆನಿಯವರ ಕೈಯಲ್ಲಿ ಸರಿಗೆಯ ಮಾದರಿಯನ್ನು ಕಳಿಸಿದೆವು. ಹೊಸ ಹ್ಯಾಂಡಲ್ ಗೋಣಿ ಸುತ್ತಿಕೊಂಡು ಬಸ್ಸಿನ ಟಾಪಿನಲ್ಲಿ ಬಂತು. ಎತ್ತರಕ್ಕೆ ಎದ್ದು, ಅಗಲಕ್ಕೆ ಹರಡಿ, ತುದಿಗಳು ಸವಾರನ ಕಡೆಗೆ ಬಾಗಿದ್ದವು. ಗೋಣಿ ಬಿಚ್ಚಿದಾಗ ಕಂಡಕ್ಟರ್, "ಯಾರ ಮನೆಯ ಕೋಣ ಹೋದದ್ದು?" ಎಂದು ಕೇಳಿದ. ಕೋಣದ ಕೊಂಬಿನ ಹಾಗೆಯೇ ಇತ್ತು. ಡಾಕ್ಟ್ರು ಅದನ್ನು ಸವರಿ, "ಒಳ್ಳೆ ಜಾತಿ" ಎಂದರು. ಅವರು ನಕ್ಕದ್ದನ್ನು ಕಂಡು ಬಹಳ ಕಾಲವಾಗಿತ್ತು.

ಕೂರಿಸುವುದು ಹೇಳಿದಷ್ಟು ಸುಲಭ ಇರಲಿಲ್ಲ. ಹೊಸ ಕೊಳವೆ ಹಳೆಯದಕ್ಕಿಂತ ಕೂದಲೆಳೆಯಷ್ಟು ತೆಳು, ಅದನ್ನು ಕಚ್ಚಿ ಹಿಡಿಯುವ ಹಿಡಿಕೆಯೊಳಗೆ ತಿರುಗುತ್ತಿತ್ತು. ಹಿತ್ತಾಳೆಯ ತಗಡಿನ ಪಟ್ಟಿ ಕತ್ತರಿಸಿ ಸುತ್ತಿದೆ. ಅವರು ಮತ್ತೆ ಕಣ್ಣು ಮುಚ್ಚಿ ಕೂತು, "ಸ್ವಲ್ಪ ಹಿಂದೆ... ಹೆಚ್ಚಾಯ್ತು... ಹಾಂ, ಇಲ್ಲಿ" ಎಂದ ಕಡೆ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಕ್ಲಚ್ಚು, ಬ್ರೇಕು, ಎಕ್ಸಿಲೇಟರ್ ಮೂರರ ಕೇಬಲ್ಲುಗಳೂ ಹೊಸ ಎತ್ತರಕ್ಕೆ ಗಿಡ್ಡವಾದವು. ಉದ್ದದವನ್ನು ಮಾಡಿ, ತುದಿಗೆ ಬೆಸುಗೆ ಹಾಕಿ, ಹೊಸದಾಗಿ ಎಳೆದೆ. ಬಲಗಡೆಯ ಎಕ್ಸಿಲೇಟರಿನ ಕೇಬಲ್ಲನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟು, ಹ್ಯಾಂಡಲಿನ ಕೆಳಗೆ ಒಂದು ಬಾಗು ಬರುವ ಹಾಗೆ ಮಾಡಿದೆ. ಯಾಕೆಂದರೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸುವಾಗ ಬಲತುದಿ ಮುಂದಕ್ಕೆ ಹೋಗುತ್ತದೆ. ಆಗ ಕೇಬಲ್ಲಿಗೆ ಸಡಿಲು ಇರದಿದ್ದರೆ ಅದು ಎಳೆಯಲ್ಪಟ್ಟು, ಯಾರೂ ಮುಟ್ಟದೆ ಎಂಜಿನು ತಾನಾಗಿ ಜೋರಾಗುತ್ತದೆ. ಎಂಜಿನು ಬಿಟ್ಟು, ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಕಿವಿಗೊಟ್ಟೆ. ಸ್ವರ ಬದಲಾಗಲಿಲ್ಲ.

ಡಾಕ್ಟ್ರು ಗುರುವಾಯನಕೆರೆಯ ಆ ಕೆರೆಗೆ ಒಂದು ಸುತ್ತು ಹೋಗಿ ಬಂದರು. ಗಾಡಿ ನಿಲ್ಲಿಸಿ, ಗ್ಯಾರೇಜಿನ ಹಿಂದಿನ ತೊಟ್ಟಿಗೆ ಹೋಗಿ ತುಂಬಾ ಹೊತ್ತು ಮುಖ ತೊಳೆದರು. ನಾನು ಆ ಕಡೆ ಹೋಗಲಿಲ್ಲ.

ಮುಂದಿನ ಬುಧವಾರ ಆ ಮೇಲಧಿಕಾರಿ ಸಾಹೇಬರು ಜೀಪಿನಲ್ಲಿ ಮಂಗಳೂರಿನಿಂದ ಗ್ಯಾರೇಜಿಗೆ ಬಂದರು. ಘಟ್ಟದ ಮೇಲಿನವರು, ಬಿಳಿ ಪ್ಯಾಂಟು, ಮಾತು ಮೃದು. ಗಾಡಿಯ ಸುತ್ತ ನಡೆದು ನೋಡಿ, "ಕಾಗದದ ಮೇಲೆ ನಾನು ಏನೂ ಬರೆಯಲ್ಲ ಡಾಕ್ಟ್ರೇ. ಹಿಂದೆ ಕೂತ್ಕೋತೀನಿ, ವೇಣೂರಿಗೆ ಹೋಗಿ ಬರೋಣ. ನನಗೆ ಧೈರ್ಯ ಬಂದ್ರೆ ನೀವು ಇಲ್ಲೇ ಇರಿ. ಬರಲಿಲ್ಲ ಅಂದ್ರೆ ನನ್ನ ಮಾತು ಕೇಳಬೇಕು" ಎಂದರು. ಡಾಕ್ಟ್ರು ಪೆಟ್ಟಿಗೆಯನ್ನು ಬಿಚ್ಚಿ ಜೀಪಿಗೆ ಹಾಕಿ, ಕ್ಯಾರಿಯರಿನ ಮೇಲೆ ಮಡಚಿದ ಗೋಣಿ ಕಟ್ಟಿದರು. ಬಸ್ಸಿಗೆ ಕಾಯುತ್ತಿದ್ದವರು, ಚಾ ಅಂಗಡಿಯವರು, ಎಲ್ಲ ಬಂದು ಸೇರಿದರು.

ಸಾಹೇಬರು ಚಾ ಕುಡಿದು ಬರುವಷ್ಟರಲ್ಲಿ ಅಮ್ಮ ಒಂದು ಮಾಲೆಯೊಂದಿಗೆ ಬಂದರು. ಹೊಸ ಹ್ಯಾಂಡಲ್, ದೊಡ್ಡ ಕೆಲಸಕ್ಕೆ ಮೊದಲ ದಾರಿ, ಹೂವಿಲ್ಲದೆ ಹೊರಡುವುದುಂಟೇ? ಕೇಪಳದ ಹೂ, ತುಳಸಿ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದ್ದರು. ನಾನು ಜೀಪಿನ ಹತ್ತಿರ ಸಾಹೇಬರ ಡ್ರೈವರನೊಂದಿಗೆ ಮಾತಿನಲ್ಲಿದ್ದೆ. ಅಮ್ಮನೇ ಹ್ಯಾಂಡಲಿಗೆ ಗಂಧ ಹಚ್ಚಿ, ಮಾಲೆ ಸುತ್ತಿ, ನಾರನ್ನು ಭದ್ರವಾಗಿ ಗಂಟು ಹಾಕಿ, ಕೈ ಮುಗಿದರು. ಬಸ್ಸುಗಳಿಗೆ ಮಾಲೆ ಹಾಕಿ ಅಭ್ಯಾಸ ಇದ್ದ ಊರು ನಮ್ಮದು. ಬಸ್ಸಿನ ಮುಖಕ್ಕೆ ಕಟ್ಟಿದ ಮಾಲೆ ಯಾವ ಕೇಬಲ್ಲನ್ನೂ ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿದ್ದ ಯಾರಿಗೂ ಏನೂ ಹೊಳೆಯಲಿಲ್ಲ.

ಗಾಡಿ ಹೊರಟಿತು. ನೇರ ರಸ್ತೆಯಲ್ಲಿ ಎಷ್ಟು ಚೆಂದ ಹೋಯಿತು! ಕೆರೆಯ ಹತ್ತಿರದ ಕೂಡುರಸ್ತೆಯಲ್ಲಿ ವೇಣೂರಿನ ಕಡೆಗೆ ಎಡಕ್ಕೆ ತಿರುಗಬೇಕು. ತಿರುಗಿಸಿದ್ದೇ ತಡ, ಎಂಜಿನು ಗರ್ಜಿಸಿತು. ಗಾಡಿ ರಸ್ತೆ ಬಿಟ್ಟು ಕೆರೆಯ ದಂಡೆಯತ್ತ ನುಗ್ಗಿತು. ಸಾಹೇಬರು ಕೂಗಿದ್ದು ನಮಗೆ ಕೇಳಿತು. ಡಾಕ್ಟ್ರು ಎಡಗೈಯಲ್ಲಿ ಕ್ಲಚ್ಚು ಹಿಡಿದು, ಎಂಜಿನಿನ ಉಸಿರು ತೆಗೆದು ನಿಲ್ಲಿಸುವ ಸಣ್ಣ ಲಿವರನ್ನೂ ಅದೇ ಕೈಯ ಬೆರಳಿನಿಂದ ಎಳೆದರು. ಎಂಜಿನು ಸತ್ತಿತು. ಗಾಡಿ ದಂಡೆಯ ಹುಲ್ಲಿನಲ್ಲಿ, ನೀರಿಗೆ ಒಂದು ಮಾರು ಉಳಿದಿರುವಾಗ ನಿಂತಿತು. ಬೀಳಲಿಲ್ಲ.

ಎಲ್ಲರೂ ಓಡಿದೆವು. ಅಮ್ಮನೂ ಓಡಿ ಬಂದರು. ಸಾಹೇಬರು ಇಳಿದು ದೂರ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಡಾಕ್ಟ್ರು ಗಾಡಿಯ ಮೇಲೆಯೇ ಕೂತಿದ್ದರು. ಕಣ್ಣು ಮುಚ್ಚಿ, ಎಡಗೈಯ ಬೆರಳುಗಳನ್ನು ಕೇಬಲ್ಲಿನ ಮೇಲೆ ಮೆಲ್ಲನೆ ಓಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ನಾನು ಬಗ್ಗಿ ನೋಡಿದೆ. ನಾನು ಬಿಟ್ಟಿದ್ದ ಸಡಿಲು ಬಾಗನ್ನು ಒಟ್ಟುಗೂಡಿಸಿ, ಹ್ಯಾಂಡಲಿಗೆ ಸೇರಿಸಿ, ಮಾಲೆಯ ನಾರು ಬಿಗಿದಿತ್ತು. ತೂಗಾಡುವ ಆ ಬಾಗು ಮಾಲೆ ಕಟ್ಟಲಿಕ್ಕೇ ಇಟ್ಟದ್ದೆಂದು ಅಮ್ಮ ತಿಳಿದಿರಬೇಕು.

ನಾನು ಬಾಯಿ ತೆರೆದೆ. ನನ್ನ ಪಾದದ ಮೇಲೆ ಅವರ ಬೂಟಿನ ಕಾಲು ಬಂದು ಕೂತಿತು. ಕಣ್ಣು ತೆರೆದು ಅವರು ನನ್ನನ್ನು ನೋಡಲಿಲ್ಲ. ಜನರ ನಡುವೆ ಬಾಯಿಗೆ ಸೆರಗು ಹಿಡಿದು ನಿಂತ ಅಮ್ಮನನ್ನು ನೋಡಿದರು. ಮತ್ತೆ ಸಾಹೇಬರ ಕಡೆ ತಿರುಗಿ ಹೇಳಿದರು:

"ನನ್ನ ತಪ್ಪು ಸಾರ್. ಕೈ ಜಾರಿತು."

"ನಾನು ಹೆದರಿದ್ದು ಇದಕ್ಕೇ ಕಣ್ರೀ. ಸಾಕು, ಇಳೀರಿ."

ಒಂದು ಮಾತು ಹೇಳಿದ್ದರೆ ಅವರ ಕೈಗೆ ಅಂಟಿದ ಕಳಂಕ ಅಲ್ಲಿಗೆ ತೊಳೆದುಹೋಗುತ್ತಿತ್ತು. ಆ ಮಾತನ್ನು ಅವರು ನುಂಗಿದರು. ಐದಾರು ತಿಂಗಳಿಂದ ಕಾದ ಗಾಡಿ, ಗರಿ ಕಟ್ಟಿದ ಅಷ್ಟೂ ದಾರಿಗಳು ಕೈಬಿಡುವುದಿದ್ದರೆ ಬಿಡಲಿ ಎಂಬಂತೆ ನುಂಗಿದರು. ಆಮೇಲೆ ನಿಧಾನಕ್ಕೆ ನಾರಿನ ಗಂಟನ್ನು ಉಗುರಿನಲ್ಲಿ ಬಿಡಿಸಿ, ಮಾಲೆಯನ್ನು ಹ್ಯಾಂಡಲಿನಿಂದ ತೆಗೆದರು. "ಅಮ್ಮಾ, ಇಷ್ಟು ಒಳ್ಳೆ ಹೂವನ್ನು ಈ ಕಬ್ಬಿಣಕ್ಕೆ ಯಾಕೆ ಕಟ್ಟಿದ್ದು? ಅದು ಬಿಸಿಗೆ ಬಾಡ್ತದೆ. ನನಗೆ ಇರಲಿ" ಎಂದು ತಮ್ಮ ಕುತ್ತಿಗೆಗೆ ಹಾಕಿಕೊಂಡರು. ಖಾಕಿ ಚಡ್ಡಿಯ ಮದುಮಗ! ಜನ ನಕ್ಕರು. ಆ ನಗುವಿನ ನಡುವೆ ಅವರು ಸಾಹೇಬರಿಗೆ, "ಇನ್ನೊಮ್ಮೆ ನೀವು ಕೂರುವುದು ಬೇಡ ಸಾರ್. ನಾನು ಒಬ್ಬನೇ ಹೋಗ್ತೇನೆ. ನೀವು ಜೀಪಿನಲ್ಲಿ ಹಿಂದೆ ಬನ್ನಿ. ಬಿದ್ದರೆ ಎತ್ತಲಿಕ್ಕೆ ಜನ ಬೇಕಲ್ಲ" ಎಂದರು.

ಸಾಹೇಬರು ಬೇಡ ಎನ್ನುವ ಮೊದಲೇ ಗಾಡಿ ಹೊರಟಿತ್ತು. ಜೀಪಿನಲ್ಲಿ ನನ್ನನ್ನೂ ಹತ್ತಿಸಿಕೊಂಡರು. ವೇಣೂರಿನ ದಾರಿಯ ತಿರುವುಗಳನ್ನು ಬಲ್ಲವರು ಬಲ್ಲರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ಎಡ ತಿರುವಿನಲ್ಲೂ ನಾನು ಕಿವಿಗೊಟ್ಟು ಎಂಜಿನಿನ ಸ್ವರ ಕೇಳುತ್ತಿದ್ದೆ. ಅದು ಬದಲಾಗಲಿಲ್ಲ. ಆ ಅಗಲ ಹ್ಯಾಂಡಲಿನ ಹಿಂದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಮಡಚಿದ ಮೊಣಕೈಯನ್ನು ಮೈಗೆ ಒರಗಿಸಿ, ಕುತ್ತಿಗೆಯಲ್ಲಿ ಹಾರುವ ಮಾಲೆಯೊಂದಿಗೆ ಆ ಕುಳ್ಳು ಮನುಷ್ಯ ಹೋಗುತ್ತಿದ್ದ ಚೆಂದ ಇಂದಿಗೂ ನನ್ನ ಕಣ್ಣಲ್ಲಿದೆ. ದೇವರ ಮುಂದೆ ನಿಂತಾಗಲೂ ನನ್ನ ಕೈ ಅಷ್ಟು ತಾನಾಗಿ ಮುಗಿದದ್ದಿಲ್ಲ.

ವೇಣೂರಿಗೆ ಮೊದಲೇ ಒಂದು ತಡಮೆಯಲ್ಲಿ ಗರಿ ಕಂಡಿತು. ಡಾಕ್ಟ್ರ ಗಾಡಿ ಹೊರಡುತ್ತದೆ ಎಂಬ ಸುದ್ದಿ ಬಸ್ಸಿನವರ ಬಾಯಲ್ಲಿ ಆಗಲೇ ಊರು ಸೇರಿತ್ತು. ಗಾಡಿ ನಿಂತಿತು. ಡಾಕ್ಟ್ರು ಜೀಪಿನಿಂದ ಪೆಟ್ಟಿಗೆ ಎತ್ತಿಕೊಂಡು ಕಾಲುದಾರಿ ಹಿಡಿದರು. ಸಾಹೇಬರು, "ಎಲ್ಲಿಗ್ರೀ?" ಎಂದು ಕೂಗಿದರು. ಆ ಮನೆಯಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಆ ಮತ್ತೊಂದರಲ್ಲಿ ಎಮ್ಮೆಯೊಂದು ಏಳಲಾರದೆ ಬಿದ್ದಿತ್ತು, ಹೊಟ್ಟೆಯಲ್ಲಿ ಕರು ಅಡ್ಡ. ಡಾಕ್ಟ್ರು ಅಂಗಿ ಕಳಚಿ ಎಡಗೈ ಒಳಗಿಳಿಸಿ ಕಣ್ಣು ಮುಚ್ಚಿದರು. ಮಾಲೆ ಮಾತ್ರ ಕುತ್ತಿಗೆಯಲ್ಲೇ ಇತ್ತು. ಸಾಹೇಬರು ಹಟ್ಟಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಬೂಟು ಬಿಚ್ಚಿಟ್ಟು, ಬಿಳಿ ಪ್ಯಾಂಟು ಮಡಚಿ, ಸಗಣಿಯಲ್ಲಿ ಮೊಣಕಾಲೂರಿ ಕೂತು ಎಮ್ಮೆಯ ತಲೆ ಹಿಡಿದರು. ಅವರೂ ಒಂದು ಕಾಲದಲ್ಲಿ ಹಟ್ಟಿಗಳಲ್ಲಿ ಕೆಲಸ ಮಾಡಿದವರೇ ಅಲ್ಲವೇ.

ಸಂಜೆ ಹಿಂದೆ ಬರುವಾಗ ಸಾಹೇಬರು ಕೂಡುರಸ್ತೆಯಲ್ಲಿ ಜೀಪು ನಿಲ್ಲಿಸಿ ಇಳಿದರು. "ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಎಂದರು. ಮತ್ತೆ, "ನಿಜ ಹೇಳಿ. ಬೆಳಗ್ಗೆ ಇಲ್ಲಿ ಕೈ ಜಾರಿತಾ?" ಎಂದು ಕೇಳಿದರು.

"ಹೌದು ಸಾರ್. ಇನ್ನು ಜಾರುವುದಿಲ್ಲ."

ಜೀಪು ಹೋದ ಮೇಲೆ ನಾನು ಅವರ ಮೇಲೆ ಹರಿಹಾಯ್ದೆ. ಕೆಲಸ ಹೋಗುತ್ತಿತ್ತಲ್ಲ, ನಾರಿನ ವಿಷಯ ಹೇಳಿದ್ದರೆ ಏನು ಮುಳುಗುತ್ತಿತ್ತು ಎಂದು. ಅವರು ಗಾಡಿಯ ಮೇಲೆ ಕೂತೇ ಕೇಳಿಸಿಕೊಂಡರು. "ನಿನ್ನ ಅಮ್ಮ ಆ ದಿವಸದಿಂದ ನನ್ನ ಮುಖ ನೋಡಿಲ್ಲ ಮಾರಾಯ, ಕೈಯನ್ನೇ ನೋಡ್ತಾರೆ. ಒಂದು ಭಾರವೇ ಅವರಿಗೆ ಹೊರಲಿಕ್ಕೆ ಆಗುವುದಿಲ್ಲ. ಇನ್ನೊಂದನ್ನು ಕೊಡುವುದಾ?" ಎಂದರು. ಮತ್ತೆ ಎಂದಿನ ಬಿರುಸಿನಲ್ಲಿ, "ಅವರ ಹತ್ತಿರ ಬಾಯಿ ಬಿಟ್ಟರೆ ನಿನ್ನ ದನಕ್ಕೆ ಮದ್ದು ಕೊಡುವುದಿಲ್ಲ, ನೋಡು!" ಎಂದು ಗಾಡಿ ಒದ್ದು ಹೊರಟರು. ನಾನು ಬಾಯಿ ಬಿಡಲಿಲ್ಲ.

ಅದೇ ಹ್ಯಾಂಡಲ್ ಹಿಡಿದು ಅವರು ಮುಂದೆ ಕೆಲವು ವರ್ಷ ನಮ್ಮ ತಾಲೂಕನ್ನೆಲ್ಲ ಸುತ್ತಿದರು. ನಿವೃತ್ತಿಯ ವಯಸ್ಸು ಇನ್ನೂ ದೂರ ಇತ್ತು. ಒಂದು ಮಳೆಗಾಲದ ಕೊನೆಗೆ ಜ್ವರ ಹಿಡಿದು, ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಳಗಿನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ನಾನು ಮನೆಗೆ ಓಡಿದೆ. ಅಮ್ಮ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು. ಹೇಳಿದೆ. ಅವರ ಕೈ ನಿಂತಿತು.

"ಅವತ್ತು ಗಾಡಿ ಕೆರೆಯ ಬದಿಗೆ ಹೋದದ್ದು ನನ್ನ ನಾರಿನಿಂದ" ಎಂದರು.

"ನಿಮಗೆ ಯಾರು ಹೇಳಿದ್ದು?"

"ಹೇಳುವುದು ಎಂಥ ಮಗಾ? ಗಂಟು ಹಾಕಿದವಳು ನಾನು. ಅವರ ಬೆರಳು ಎಲ್ಲಿ ನಿಂತದ್ದು ಅಂತ ನಾನೂ ನೋಡಿದ್ದೇನೆ."

"ಮತ್ತೆ ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಸಾಹೇಬರಿಗೆ ಹೇಳುವ ಅಂತಲೇ ಬಾಯಿ ತೆರೆದದ್ದು. ಅಷ್ಟರಲ್ಲಿ ಡಾಕ್ಟ್ರು ಮಾಲೆ ತೆಗೆದು ಕುತ್ತಿಗೆಗೆ ಹಾಕಿಕೊಂಡ್ರು. ಅಷ್ಟು ಜನರ ಎದುರು ನನ್ನ ಮಾನ ಕಾಯಲಿಕ್ಕೆ ಸುಳ್ಳು ಹೇಳಿದ್ರು. ನಾನು ನಿಜ ಹೇಳಿ ಅವರನ್ನು ಸುಳ್ಳುಗಾರ ಮಾಡುವುದಾ ಮಗಾ?"